ವಿಜಯತೋರಣದಲ್ಲಿ ಶಾಂತಿಗೆ ಎಡೆಯಿದೆಯೇ?

ಇಟಲಿಯ ಮಿಲಾನ್ ನಗರದಲ್ಲಿ, ಸ್ಫೋರ್ಜಾ ಕೋಟೆಯ ಹಿಂಬದಿಯ ಸೆಂಪಿಯೋನೆ ಉದ್ಯಾನ ಮುಗಿಯುವಲ್ಲಿ, ಸುಮಾರು 25 ಮೀಟರ್ ಎತ್ತರದ ಅಮೃತಶಿಲೆಯ ಕಮಾನೊಂದು ನಿಂತಿದೆ. ಆಲ್ಪ್ಸ್ ಪರ್ವತಗಳನ್ನು ಸಿಂಪ್ಲಾನ್ ಕಣಿವೆಯ ಮೂಲಕ ದಾಟಿ ಫ್ರಾನ್ಸಿನತ್ತ ಸಾಗುವ ಹಳೆಯ ರಸ್ತೆ ಅದರ ಬುಡದಿಂದಲೇ ಹೊರಡುತ್ತದೆ. ಅದರ ಹೆಸರು ‘ಆರ್ಕೊ ದೆಲ್ಲಾ ಪಾಚೆ’, ಅಂದರೆ ಶಾಂತಿಯ ಕಮಾನು. ಯುದ್ಧದಲ್ಲಿ ಗೆದ್ದ ಸೇನಾನಿಗಳ ಗೌರವಕ್ಕಾಗಿ ಪ್ರಾಚೀನ ರೋಮನ್ನರು ಕಟ್ಟುತ್ತಿದ್ದ ವಿಜಯತೋರಣದ ಆಕಾರವನ್ನು ತಳೆದು, ಒಬ್ಬ ಚಕ್ರವರ್ತಿಯ ಗೆಲುವುಗಳಿಗಾಗಿ ಆರಂಭವಾಗಿ, ಅವನನ್ನು ಸೋಲಿಸಿದವರಲ್ಲೊಬ್ಬನಾದ ಮತ್ತೊಬ್ಬ ಚಕ್ರವರ್ತಿಯ ಆಳ್ವಿಕೆಯಲ್ಲಿ ಶಾಂತಿಗೆ ಅರ್ಪಿತವಾದ ಈ ಕಟ್ಟಡವು ನೋಡುವವರ ಮುಂದೆ ಒಂದು ತಾತ್ತ್ವಿಕ ಪ್ರಶ್ನೆಯನ್ನು ಇಡುತ್ತದೆ. ಗೆದ್ದವನು ತನ್ನ ಯುದ್ಧದ ಮುಕ್ತಾಯವನ್ನು ಶಾಂತಿಯೆಂದು ಘೋಷಿಸಿದ ಮಾತ್ರಕ್ಕೆ ಅದು ಶಾಂತಿಯಾಗುತ್ತದೆಯೇ? ಆಗುವುದಿಲ್ಲವೆಂದಾದರೆ, ಅದು ಶಾಂತಿಯಾಗಲು ಗೆದ್ದವನ ಕಡೆಯಿಂದ ಇನ್ನೇನು ನಡೆಯಬೇಕು?

ಕಮಾನಿನ ರಚನೆಯಲ್ಲಿಯೇ ಈ ಪ್ರಶ್ನೆ ಅಡಗಿದೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನಾದ್ಯಂತ ಹಬ್ಬಿದ, ಪ್ರಾಚೀನ ಗ್ರೀಸ್ ಮತ್ತು ರೋಮ್‌ಗಳ ಕಟ್ಟಡಗಳನ್ನೇ ಮಾದರಿಯಾಗಿಟ್ಟುಕೊಂಡ ನವ ಅಭಿಜಾತ ಶೈಲಿಯಲ್ಲಿ ಇದನ್ನು ವಾಸ್ತುಶಿಲ್ಪಿ ಲೂಯಿಜಿ ಕಾನ್ಯೋಲಾ ವಿನ್ಯಾಸಗೊಳಿಸಿದ. ಮಧ್ಯದಲ್ಲಿ ಒಂದು ದೊಡ್ಡ ದ್ವಾರವೂ ಅದರ ಇಕ್ಕೆಲಗಳಲ್ಲಿ ಎರಡು ಚಿಕ್ಕ ದ್ವಾರಗಳೂ ಇದ್ದು, ಎಲೆಗಳ ಅಲಂಕಾರದ ಬೋದಿಗೆಗಳಿರುವ ಕೊರಿಂಥಿಯನ್ ಕಂಬಗಳು ಮುಂಭಾಗವನ್ನು ವಿಭಾಗಿಸುತ್ತವೆ. ಮೇಲುಭಾಗದಲ್ಲಿ ಪೊ, ಟಿಚಿನೊ, ಆದಿಜೆ ಮತ್ತು ತಾಲ್ಯಮೆಂತೊ ಎಂಬ ನಾಲ್ಕು ನದಿಗಳು ಒರಗಿ ಕುಳಿತ ಮಾನವಾಕೃತಿಗಳಾಗಿ ಮೂಡಿವೆ. ಇವು ಆಸ್ಟ್ರಿಯದ ಅಧೀನದಲ್ಲಿದ್ದ ಲೊಂಬಾರ್ಡಿ ಮತ್ತು ವೆನಿಸ್ ಪ್ರಾಂತಗಳ ನದಿಗಳು. ಎಲ್ಲಕ್ಕಿಂತ ಮೇಲೆ, ಅಬ್ಬೋಂದಿಯೊ ಸಾಂಜೋರ್ಜೊ ರೂಪಿಸಿದ ಕಂಚಿನ ಆರು ಕುದುರೆಗಳ ರಥದಲ್ಲಿ ಶಾಂತಿದೇವತೆ ನಿಂತಿದ್ದಾಳೆ ಮತ್ತು ನಾಲ್ಕು ಮೂಲೆಗಳಲ್ಲಿ ಕುದುರೆಯೇರಿದ ನಾಲ್ವರು ವಿಜಯದೇವತೆಯರು ಅವಳನ್ನು ಸುತ್ತುವರಿದಿದ್ದಾರೆ. ರಥವು ರೋಮನ್ ವಿಜೇತನ ವಾಹನ. ಸುತ್ತಲಿನ ಪರಿವಾರವೂ ವಿಜಯದ್ದೇ. ಶಾಂತಿಯನ್ನು ಶಾಂತಿಯೆಂದು ಗುರುತಿಸಲು ಬೇಕಾದ, ಅವಳದೇ ಆದ ಒಂದು ರೂಪವನ್ನು ಈ ಶಿಲ್ಪಭಾಷೆ ಕಂಡುಕೊಂಡಿಲ್ಲ. ವಿಜಯದ ಉಡುಗೆ ತೊಡುಗೆಗಳಲ್ಲಿಯೇ ಅವಳು ಕಾಣಿಸಿಕೊಳ್ಳಬೇಕಾಗಿದೆ.

ಹೀಗಾಗಲು ಕಾರಣ ಕಮಾನಿನ ಚರಿತ್ರೆಯಲ್ಲಿದೆ. ನೆಪೋಲಿಯನ್ 1805ರ ಮೇ 26ರಂದು ಮಿಲಾನಿನ ಪ್ರಧಾನ ಚರ್ಚಿನಲ್ಲಿ ಇಟಲಿಯ ರಾಜನಾಗಿ ಕಿರೀಟ ಧರಿಸಿದ. ಮರುವರ್ಷ ಅವನ ಮಲಮಗನೂ ಇಟಲಿಯ ರಾಜಪ್ರತಿನಿಧಿಯೂ ಆಗಿದ್ದ ಯೂಜೀನ್ ದ ಬೋಆರ್ನೆ, ಬವೇರಿಯದ ರಾಜಕುಮಾರಿ ಆಗಸ್ಟಾ ಅಮಾಲಿಯಾಳನ್ನು ಮದುವೆಯಾಗಿ ಬಂದಾಗ, ನಗರದ ಪೂರ್ವದ್ವಾರದ ಬಳಿ ಕಾನ್ಯೋಲಾ ಒಂದು ತಾತ್ಕಾಲಿಕ ಕಮಾನನ್ನು ನಿಲ್ಲಿಸಿದ್ದ. ಅದು ಜನರ ಮೆಚ್ಚುಗೆ ಗಳಿಸಿದ್ದರಿಂದ ಅದನ್ನೇ ಅಮೃತಶಿಲೆಯಲ್ಲಿ ಶಾಶ್ವತವಾಗಿ ಕಟ್ಟಬೇಕೆಂಬ ನಿರ್ಧಾರವಾಗಿ, 1807ರಲ್ಲಿ ಸಿಂಪ್ಲಾನ್ ರಸ್ತೆಯ ಮೊದಲಲ್ಲಿ ಕೆಲಸ ಆರಂಭವಾಯಿತು. ಆಗ ಅದರ ಉದ್ದೇಶ ನೆಪೋಲಿಯನ್ನನ ವಿಜಯಗಳನ್ನು ಕೊಂಡಾಡುವುದು. ಆದರೆ 1814ರಲ್ಲಿ ಅವನ ಸಾಮ್ರಾಜ್ಯವೇ ಕುಸಿದು, ಮಿಲಾನ್ ಮತ್ತೆ ಆಸ್ಟ್ರಿಯದ ಕೈಸೇರಿದಾಗ ಕಾಮಗಾರಿ ಅರ್ಧಕ್ಕೆ ನಿಂತಿತು. ಚಕ್ರವರ್ತಿ ಒಂದನೆಯ ಫ್ರಾನ್ಸಿಸ್ 1826ರಲ್ಲಿ ಅದನ್ನು ಮುಂದುವರಿಸಲು ಆಜ್ಞಾಪಿಸಿ, 1815ರಲ್ಲಿ ಯುರೋಪಿನ ರಾಜರು ತಮ್ಮತಮ್ಮಲ್ಲಿ ಮಾಡಿಕೊಂಡ ಶಾಂತಿ ಒಪ್ಪಂದಕ್ಕೆ ಕಮಾನನ್ನು ಅರ್ಪಿಸಿದ. ಉಬ್ಬುಶಿಲ್ಪಗಳ ವಸ್ತುವೂ ಅದಕ್ಕೆ ತಕ್ಕಂತೆ ಬದಲಾಗಿ, ನೆಪೋಲಿಯನ್ ಸೋತ ಲೈಪ್‌ಜಿಗ್ ಕದನವೂ ಅವನ ಪತನದ ಬಳಿಕ ಸೇರಿದ ವಿಯೆನ್ನಾ ಸಮ್ಮೇಳನವೂ ಕಲ್ಲಿನಲ್ಲಿ ಮೂಡಿದವು. ಫ್ರಾನ್ಸಿನತ್ತ ಮುಖಮಾಡಬೇಕಾಗಿದ್ದ ಕುದುರೆಗಳನ್ನು ಆಸ್ಟ್ರಿಯನ್ನರು ಫ್ರಾನ್ಸಿಗೆ ಬೆನ್ನಾಗುವಂತೆ ತಿರುಗಿಸಿದರೆಂಬ ಮಾತು ಮಿಲಾನಿನಲ್ಲಿ ಇಂದಿಗೂ ಜನಜನಿತವಾಗಿದೆ. ಕಾನ್ಯೋಲಾ 1833ರಲ್ಲಿ ತೀರಿಕೊಂಡ ಮೇಲೆ ಕೆಲಸ ಬೇರೆಯವರ ಕೈಯಲ್ಲಿ ಪೂರ್ಣಗೊಂಡು, 1838ರ ಸೆಪ್ಟೆಂಬರ್ 10ರಂದು ಚಕ್ರವರ್ತಿ ಒಂದನೆಯ ಫರ್ಡಿನಾಂಡ್ ಕಮಾನನ್ನು ಉದ್ಘಾಟಿಸಿದ.

ಅದು ಕೊನೆಯ ಬದಲಾವಣೆಯೂ ಆಗಲಿಲ್ಲ. 1859ರ ಜೂನ್ 4ರಂದು ಮಜೆಂಟಾ ಎಂಬಲ್ಲಿ ಆಸ್ಟ್ರಿಯದ ಸೇನೆ ಸೋತ ನಾಲ್ಕೇ ದಿನಗಳಲ್ಲಿ, ಫ್ರಾನ್ಸಿನ ಮೂರನೆಯ ನೆಪೋಲಿಯನ್ ಮತ್ತು ಇಟಲಿಯ ಏಕೀಕರಣದ ನೇತಾರನಾದ ರಾಜ ಎರಡನೆಯ ವಿತ್ತೋರಿಯೊ ಇಮಾನುವೆಲೆ ಇದೇ ಕಮಾನಿನ ಮೂಲಕ ನಗರವನ್ನು ಪ್ರವೇಶಿಸಿದರು. ಆಸ್ಟ್ರಿಯನ್ನರ ಬರಹಗಳು ಹೋಗಿ ಹೊಸ ಬರಹಗಳು ಬಂದವು: ದಾಸ್ಯದ ಗುರುತುಗಳನ್ನು ಈ ಕಲ್ಲುಗಳಿಂದ ಅಳಿಸಿ ಇಟಲಿಯ ಸ್ವಾತಂತ್ರ್ಯವನ್ನು ಬರೆಯಲಾಯಿತೆಂದು ಒಂದು ಬದಿ ಸಾರಿದರೆ, 1807ರಲ್ಲಿ ಇಟಲಿ ರಾಜ್ಯದ ಆಶಯಗಳಿಗೆ ಅರ್ಪಿತವಾದುದನ್ನು ಮಿಲಾನಿಗರು ಬಂಧಮುಕ್ತರಾಗಿ ಮರಳಿ ಸ್ಥಾಪಿಸಿದರೆಂದು ಇನ್ನೊಂದು ಬದಿ ಹೇಳುತ್ತದೆ. ಬರಹ ಬದಲಾಯಿತಾದರೂ ಲೈಪ್‌ಜಿಗ್ ಮತ್ತು ವಿಯೆನ್ನಾದ ಉಬ್ಬುಶಿಲ್ಪಗಳು ಹಾಗೆಯೇ ಉಳಿದವು. ಹೀಗೆ ಸುಮಾರು ಅರ್ಧ ಶತಮಾನದಲ್ಲಿ ಈ ಕಮಾನು ಮೂರು ಒಡೆತನಗಳನ್ನು ಕಂಡಿತು. ಪ್ರತಿಯೊಬ್ಬ ಹೊಸ ಒಡೆಯನೂ ಹಿಂದಿನವನ ಮಾತನ್ನು ಅಳಿಸಿದನೇ ಹೊರತು ಕಮಾನಿನ ಆಕಾರವನ್ನು ಪ್ರಶ್ನಿಸಲಿಲ್ಲ, ಏಕೆಂದರೆ ಆ ಆಕಾರವು ಯಾವ ವಿಜೇತನಿಗೂ ಸಮನಾಗಿ ಒದಗುತ್ತಿತ್ತು.

ಈ ಗುಣ ರೋಮಿನಿಂದಲೇ ಬಂದುದು. ರೋಮನ್ನರಲ್ಲಿ ‘ಟ್ರಯಂಫ್’ ಎಂದರೆ ಗೆದ್ದ ಸೇನಾನಿ ಕೊಳ್ಳೆಯ ವಸ್ತುಗಳನ್ನೂ ಸೆರೆಸಿಕ್ಕವರನ್ನೂ ಮುಂದಿಟ್ಟುಕೊಂಡು ರಥದಲ್ಲಿ ನಗರ ಪ್ರವೇಶಿಸಿ, ಕ್ಯಾಪಿಟೊಲಿನ್ ಗುಡ್ಡದ ಜೂಪಿಟರ್ ದೇವಾಲಯದವರೆಗೆ ಸಾಗುತ್ತಿದ್ದ ಧಾರ್ಮಿಕ ಮೆರವಣಿಗೆ. ಒಂದೇ ಕದನದಲ್ಲಿ ಕನಿಷ್ಠ 5,000 ಶತ್ರುಗಳನ್ನು ಕೊಂದಿದ್ದರೆ ಮಾತ್ರ ಈ ಗೌರವ ಸಲ್ಲಬೇಕೆಂಬ ನಿಯಮವಿತ್ತೆಂದು ವಲೇರಿಯಸ್ ಮ್ಯಾಕ್ಸಿಮಸ್ ಎಂಬ ರೋಮನ್ ಲೇಖಕ ದಾಖಲಿಸಿದ್ದಾನೆ. ಶಾಂತಿಯೂ ಈ ವ್ಯವಸ್ಥೆಯೊಳಗಿನ ಮಾತೇ ಆಗಿತ್ತು. ಆಗಸ್ಟಸ್ ಚಕ್ರವರ್ತಿಯ ಕಾಲದ ಶಾಂತಿಪೀಠವು ಕ್ರಿ.ಪೂ. 9ರಲ್ಲಿ ಪ್ರತಿಷ್ಠಾಪಿತವಾದದ್ದು ಯುದ್ಧದೇವತೆಯಾದ ಮಾರ್ಸ್‌ನ ಹೆಸರಿನ ಬಯಲಿನಲ್ಲಿ. ಕ್ರಿ.ಶ. 70ರಲ್ಲಿ ಜೆರುಸಲೇಮ್ ಧ್ವಂಸವಾದ ಬಳಿಕ ಚಕ್ರವರ್ತಿ ವೆಸ್ಪಾಸಿಯನ್ ರೋಮಿನಲ್ಲಿ ಶಾಂತಿದೇವಾಲಯವೊಂದನ್ನು ಕಟ್ಟಿಸಿ, ಯಹೂದ್ಯರ ಮಂದಿರದಿಂದ ಸೂರೆಮಾಡಿ ತಂದ ಚಿನ್ನದ ಪಾತ್ರೆಗಳನ್ನು ಅಲ್ಲಿರಿಸಿದನೆಂದು ಯಹೂದಿ ಇತಿಹಾಸಕಾರ ಜೋಸಿಫಸ್ ತಿಳಿಸುತ್ತಾನೆ. ಅದೇ ಸೂರೆಯ ಮೆರವಣಿಗೆ ಟೈಟಸ್‌ನ ವಿಜಯತೋರಣದ ಒಳಗೋಡೆಯಲ್ಲಿ ಇಂದಿಗೂ ಕಾಣುತ್ತದೆ. ಆ ತೋರಣದ ಕೆಳಗೆ ಹಾದುಹೋಗದಿರುವುದು ಯಹೂದ್ಯರಲ್ಲಿ ಬಹುಕಾಲ ಸಂಪ್ರದಾಯವಾಗಿತ್ತು. ಗೆದ್ದವರ ಶಾಂತಿದೇವಾಲಯ ಸೋತವರ ಪಾಲಿಗೆ ಏನಾಗಿತ್ತೆಂಬುದನ್ನು ಈ ಹಿಂಜರಿಕೆಯೇ ಹೇಳುತ್ತದೆ. ಬ್ರಿಟನ್ನಿನ ಮೇಲೆ ರೋಮನ್ನರು ಎರಗಿದ್ದನ್ನು ಬಣ್ಣಿಸುವ ಟ್ಯಾಸಿಟಸ್, ಎಲ್ಲವನ್ನೂ ಹಾಳುಗೆಡವಿ ಬರಿದಾದ ನೆಲಕ್ಕೆ ಶಾಂತಿಯೆಂದು ಹೆಸರಿಡುವವರು ಎಂಬ ಆರೋಪವನ್ನು ಶತ್ರುನಾಯಕನೊಬ್ಬನ ಬಾಯಲ್ಲಿ ಇಟ್ಟನು. ರೋಮನ್ನನಾಗಿದ್ದೂ ಆ ಮಾತನ್ನು ದಾಖಲಿಸಿದ್ದು ಅವನ ದೊಡ್ಡತನ.

ಈ ರೋಮನ್ ಕಲ್ಪನೆಯನ್ನು ಬೇರುಮಟ್ಟದಲ್ಲಿ ಪರೀಕ್ಷಿಸಿದ ಚಿಂತಕನೊಬ್ಬನ ಬದುಕು ತಿರುವು ಪಡೆದದ್ದು ಮಿಲಾನಿನಲ್ಲಿಯೇ. ನಾಲ್ಕನೆಯ ಶತಮಾನದಲ್ಲಿ ಮಿಲಾನ್ ಪಶ್ಚಿಮ ರೋಮನ್ ಸಾಮ್ರಾಜ್ಯದ ಅರಮನೆಯಿದ್ದ ನಗರ. ಉತ್ತರ ಆಫ್ರಿಕದ ಅಗಸ್ಟೀನ್ 384ರಲ್ಲಿ ಅಲ್ಲಿಗೆ ವಾಗ್ಮಿತೆಯ ಪ್ರಾಧ್ಯಾಪಕನಾಗಿ ಬಂದ. ಚಕ್ರವರ್ತಿಯ ಸ್ತುತಿಭಾಷಣವನ್ನು ಸಿದ್ಧಪಡಿಸುವುದೂ ಅವನ ಕೆಲಸಗಳಲ್ಲೊಂದಾಗಿತ್ತು. ಆ ಭಾಷಣದಲ್ಲಿ ತಾನು ಅನೇಕ ಸುಳ್ಳುಗಳನ್ನು ಹೇಳಲಿದ್ದೆನೆಂದೂ, ಅವು ಸುಳ್ಳೆಂದು ಬಲ್ಲವರೇ ತನ್ನನ್ನು ಮೆಚ್ಚಲಿದ್ದರೆಂದೂ ತನ್ನ ಆತ್ಮನಿವೇದನೆಯ ಗ್ರಂಥದಲ್ಲಿ ಅವನೇ ಬರೆದಿದ್ದಾನೆ. ಕಲ್ಲಿನ ಕಮಾನು ಮಾಡುವ ಕೆಲಸವನ್ನು ಮಾತಿನಲ್ಲಿ ಮಾಡುತ್ತಿದ್ದ ಅವನು ಆ ವೃತ್ತಿಯನ್ನು ತೊರೆದು, 387ರ ಈಸ್ಟರ್ ಹಬ್ಬದಲ್ಲಿ ಮಿಲಾನಿನ ಬಿಷಪ್ ಅಂಬ್ರೋಸ್‌ನಿಂದ ಕ್ರೈಸ್ತ ದೀಕ್ಷೆ ಪಡೆದ. ಮುಂದೆ ಬರೆದ ‘ದೇವನಗರ’ ಎಂಬ ಬೃಹದ್ಗ್ರಂಥದ ಹತ್ತೊಂಬತ್ತನೆಯ ಭಾಗದಲ್ಲಿ ಅವನು ಶಾಂತಿಯ ತತ್ತ್ವವನ್ನು ವಿಸ್ತಾರವಾಗಿ ಚರ್ಚಿಸುತ್ತಾನೆ. ಯುದ್ಧ ಮಾಡುವವರೂ ಬಯಸುವುದು ಶಾಂತಿಯನ್ನೇ. ಕಳ್ಳರ ಗುಂಪಿಗೂ ತನ್ನೊಳಗೆ ಶಾಂತಿ ಬೇಕು. ಆದ್ದರಿಂದ ಶಾಂತಿಯನ್ನು ಬಯಸುವುದಷ್ಟೇ ಯಾರನ್ನೂ ಒಳ್ಳೆಯವರನ್ನಾಗಿ ಮಾಡದು ಎಂಬುದು ಅವನ ವಾದದ ಮೊದಲ ಹೆಜ್ಜೆ. ತನಗೆ ಇಷ್ಟವಾದ ಶಾಂತಿಯನ್ನು ಇತರರ ಮೇಲೆ ಹೇರಲೆಂದೇ ಮನುಷ್ಯ ಯುದ್ಧ ಹೂಡುತ್ತಾನೆ. ನಿಜವಾದ ಶಾಂತಿಯೆಂದರೆ ಸುವ್ಯವಸ್ಥೆಯಿಂದ ಹುಟ್ಟುವ ನೆಮ್ಮದಿ, ಮತ್ತು ಸುವ್ಯವಸ್ಥೆಯೆಂದರೆ ಪ್ರತಿಯೊಂದಕ್ಕೂ ಅದಕ್ಕೆ ನ್ಯಾಯವಾಗಿ ಸಲ್ಲುವ ಸ್ಥಾನ ಸಿಗುವುದು.

ಈ ಅಳತೆಗೋಲನ್ನು ಹಿಡಿದರೆ 1815ರ ಶಾಂತಿಯ ಬಲವೂ ಕೊರತೆಯೂ ಒಟ್ಟಿಗೆ ಕಾಣುತ್ತವೆ. ಸುಮಾರು ಎರಡು ದಶಕಗಳ ರಕ್ತಪಾತದ ಬಳಿಕ ಯುರೋಪಿಗೆ ದೊರೆತ ಬಿಡುವು ಸಣ್ಣ ಸಂಗತಿಯಲ್ಲ. ಆ ಒಪ್ಪಂದದ ಫಲವಾಗಿ ಇಡೀ ಖಂಡವನ್ನು ಸುಡುವ ಯುದ್ಧ ದೀರ್ಘಕಾಲ ಮರುಕಳಿಸಲಿಲ್ಲ. ಆದರೆ ಮಿಲಾನಿನಲ್ಲಿ ಶಾಂತಿಯ ಕಮಾನಿನ ಕೆಲಸ ಮತ್ತೆ ಸಾಗುತ್ತಿದ್ದಾಗ, ಅದೇ ನಗರದಲ್ಲಿ 1820ರಲ್ಲಿ ಬಂಧಿತನಾದ ಲೇಖಕ ಸಿಲ್ವಿಯೊ ಪೆಲ್ಲಿಕೊ ದೂರದ ಸ್ಪೀಲ್‌ಬರ್ಗ್ ಕೋಟೆಯ ಸೆರೆಮನೆಯಲ್ಲಿದ್ದ. ಆಸ್ಟ್ರಿಯದ ಆಳ್ವಿಕೆಯಿಂದ ಇಟಲಿಯನ್ನು ಬಿಡಿಸಬಯಸಿದ ರಹಸ್ಯ ಸಂಘದೊಂದಿಗಿನ ಸಂಬಂಧವೇ ಅವನ ಅಪರಾಧವಾಗಿತ್ತು. ಪ್ರಜೆಗಳು ಭಯದಿಂದಷ್ಟೇ ಆಯುಧ ಹಿಡಿಯದಿರುವ ರಾಜ್ಯದಲ್ಲಿ ಯುದ್ಧವಿಲ್ಲವೆನ್ನಬಹುದೇ ಹೊರತು ಶಾಂತಿಯಿದೆಯೆನ್ನಲಾಗದು ಎಂದು ಹದಿನೇಳನೆಯ ಶತಮಾನದ ದಾರ್ಶನಿಕ ಸ್ಪಿನೋಜಾ ಹೇಳಿದ್ದು ಇಂಥ ಸ್ಥಿತಿಯನ್ನೇ ಕುರಿತು. 1838ರ ಪಟ್ಟಾಭಿಷೇಕದ ಸಂದರ್ಭದಲ್ಲಿ ಫರ್ಡಿನಾಂಡ್ ರಾಜಕೀಯ ಅಪರಾಧಿಗಳಿಗೆ ಕ್ಷಮಾದಾನ ಘೋಷಿಸಿದ. ಅದೇ ವಾರದಲ್ಲಿ ಉದ್ಘಾಟನೆಗೊಂಡ ಅಮೃತಶಿಲೆಯ ಕಮಾನಿಗಿಂತ ಆ ಘೋಷಣೆ ಶಾಂತಿಗೆ ಹೆಚ್ಚು ಹತ್ತಿರವಾಗಿತ್ತು. ಆದರೂ ಕ್ಷಮಿಸುವ ಅಧಿಕಾರ ಗೆದ್ದವನಲ್ಲಿಯೇ ಉಳಿಯಿತು. ಕ್ಷಮೆ ಕೇಳಬೇಕಾದದ್ದು ಅವನಿಗೂ ಏನಾದರೂ ಇದ್ದೀತೆಂಬ ಯೋಚನೆಗೆ ಅಲ್ಲಿ ಜಾಗವಿರಲಿಲ್ಲ. ಹತ್ತು ವರ್ಷಗಳಲ್ಲಿ, 1848ರ ಮಾರ್ಚ್‌ನಲ್ಲಿ, ಮಿಲಾನಿನ ಜನ ಐದು ದಿನ ಬೀದಿಗಳಲ್ಲಿ ಹೋರಾಡಿ ಆಸ್ಟ್ರಿಯದ ಪಡೆಯನ್ನು ನಗರದಿಂದ ಹಿಮ್ಮೆಟ್ಟಿಸಿದರು.

ಗೆದ್ದವನೂ ಕ್ಷಮೆ ಬೇಡಬೇಕಾಗಬಹುದೆಂಬ ಯೋಚನೆಗೆ ಮಿಲಾನಿನಲ್ಲಿಯೇ ಬಹಳ ಹಳೆಯ ನಿದರ್ಶನವಿದೆ. ಚಕ್ರವರ್ತಿ ಥಿಯೋಡೋಸಿಯಸ್ 388ರಲ್ಲಿ ತನ್ನ ಪ್ರತಿಸ್ಪರ್ಧಿಯನ್ನು ಸೋಲಿಸಿ, ಮರುವರ್ಷ ರೋಮಿನಲ್ಲಿ ವಿಜಯಮೆರವಣಿಗೆ ನಡೆಸಿ, ಮಿಲಾನಿನಲ್ಲಿ ನೆಲೆಸಿದ್ದ. 390ರಲ್ಲಿ ಗ್ರೀಸಿನ ಥೆಸ್ಸಲೋನಿಕಾ ನಗರದಲ್ಲಿ ಜನ ದಂಗೆಯೆದ್ದು ಸೇನಾಧಿಕಾರಿಯೊಬ್ಬನನ್ನು ಕೊಂದುದಕ್ಕೆ ಪ್ರತೀಕಾರವಾಗಿ ಅವನ ಸೈನಿಕರು ಸಾವಿರಾರು ನಾಗರಿಕರನ್ನು ಕೊಂದುಹಾಕಿದರು. ಥಿಯೊಡೊರೆಟ್ ಎಂಬ ಚರ್ಚ್ ಇತಿಹಾಸಕಾರ ಸತ್ತವರ ಸಂಖ್ಯೆ 7,000 ಎನ್ನುತ್ತಾನೆ. ಬಿಷಪ್ ಅಂಬ್ರೋಸ್ ಚಕ್ರವರ್ತಿಗೆ ಪತ್ರ ಬರೆದು, ಅವನು ಬಹಿರಂಗವಾಗಿ ಪಶ್ಚಾತ್ತಾಪ ಪಡುವವರೆಗೆ ಅವನ ಸಮ್ಮುಖದಲ್ಲಿ ತಾನು ಪೂಜಾವಿಧಿಯನ್ನು ನಡೆಸಲಾರೆನೆಂದು ತಿಳಿಸಿದ. ಚರ್ಚಿನ ಬಾಗಿಲಲ್ಲಿಯೇ ಅವನನ್ನು ತಡೆದು ನಿಲ್ಲಿಸಿದನೆಂಬ ಪ್ರಸಿದ್ಧ ಕಥನವನ್ನು ಇತಿಹಾಸಜ್ಞರು ನಂತರದ ಬೆಳವಣಿಗೆಯೆಂದು ಪರಿಗಣಿಸುತ್ತಾರಾದರೂ, ರಾಜಲಾಂಛನಗಳನ್ನು ಕಳಚಿಟ್ಟು ಚಕ್ರವರ್ತಿ ಪ್ರಾಯಶ್ಚಿತ್ತ ಮಾಡಿಕೊಂಡದ್ದು ನಡೆದ ಸಂಗತಿ. ಅಗಸ್ಟೀನ್ ತನ್ನ ಗ್ರಂಥದಲ್ಲಿ ಥಿಯೋಡೋಸಿಯಸ್‌ನ ಗೆಲುವುಗಳನ್ನು ಹೇಳಿಯೂ, ಈ ವಿನಯಕ್ಕಿಂತ ಅದ್ಭುತವಾದದ್ದು ಇನ್ನೇನಿದೆ ಎಂಬ ಭಾವದಲ್ಲಿ ಅದನ್ನು ಕೊಂಡಾಡುತ್ತಾನೆ. ಥೆಸ್ಸಲೋನಿಕಾದಲ್ಲಿ ನಡೆದದ್ದು ಯುದ್ಧವಲ್ಲ, ಹತ್ಯಾಕಾಂಡ, ಎಂಬ ವ್ಯತ್ಯಾಸವಿದೆ ನಿಜ. ಆದರೂ ಅಧಿಕಾರದ ಶಿಖರದಲ್ಲಿರುವವನು ತಾನು ಚೆಲ್ಲಿಸಿದ ರಕ್ತಕ್ಕೆ ಉತ್ತರ ಹೇಳಬೇಕು ಮತ್ತು ಅದನ್ನು ಎಲ್ಲರ ಕಣ್ಣೆದುರು ಹೇಳಬೇಕು ಎಂಬ ತತ್ತ್ವವನ್ನು ಈ ಘಟನೆ ಸ್ಥಾಪಿಸಿತು.

ಈ ತತ್ತ್ವ ರೋಮಿನ ಹಳೆಯ ಧಾರ್ಮಿಕ ನೆನಪಿಗೂ ಸಂಪೂರ್ಣ ಅಪರಿಚಿತವಾಗಿರಲಿಲ್ಲ. ಇತಿಹಾಸಕಾರ ಲಿವಿ ಹೇಳುವ ಕಥೆಯಂತೆ, ರೋಮ್ ಮತ್ತು ಆಲ್ಬಾ ನಗರಗಳ ನಡುವಿನ ಯುದ್ಧವನ್ನು ಇತ್ತಂಡಗಳ ಮೂವರು ಸೋದರರ ಕಾಳಗವೇ ತೀರ್ಮಾನಿಸಬೇಕೆಂದಾದಾಗ, ರೋಮಿನ ಹೊರೇಷಿಯಸ್ ಒಬ್ಬನೇ ಗೆದ್ದು ಉಳಿದು ಮನೆಗೆ ಮರಳಿದ. ಸತ್ತ ಶತ್ರುಗಳಲ್ಲೊಬ್ಬನಿಗೆ ಅವನ ತಂಗಿಯ ಮದುವೆ ನಿಶ್ಚಯವಾಗಿತ್ತು. ಅವಳು ಅತ್ತದ್ದನ್ನು ಸಹಿಸದೆ ಅವನು ಅವಳನ್ನೇ ಇರಿದು ಕೊಂದ. ಆ ಪಾಪ ಕಳೆಯಲು ಬೀದಿಗೆ ಅಡ್ಡಲಾಗಿ ಒಂದು ತೊಲೆಯನ್ನು ಇಟ್ಟು, ವಿಜಯಿಯಾದ ಹೊರೇಷಿಯಸ್‌ನನ್ನು ತಲೆಗೆ ಮುಸುಕು ಹಾಕಿ ಅದರ ಕೆಳಗೆ ಹಾಯಿಸಲಾಯಿತು. ‘ಸೋದರಿಯ ತೊಲೆ’ ಎಂಬ ಹೆಸರಿನ ಅದನ್ನು ಸಾರ್ವಜನಿಕ ವೆಚ್ಚದಲ್ಲಿ ದುರಸ್ತಿ ಮಾಡುತ್ತ ತನ್ನ ಕಾಲದವರೆಗೂ ಉಳಿಸಿಕೊಂಡು ಬಂದಿದ್ದರೆಂದು ಲಿವಿ ಬರೆಯುತ್ತಾನೆ. ವಿಜಯತೋರಣದ ಮೂಲದಲ್ಲಿಯೂ, ರಕ್ತ ಸೋಕಿದ ಸೈನ್ಯವನ್ನು ನಗರದೊಳಗೆ ಬರುವ ಮೊದಲು ಶುದ್ಧಿಗೊಳಿಸುವ ಆಚರಣೆಯಿತ್ತೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಹಾಗಿದ್ದಲ್ಲಿ, ಕೆಳಗೆ ಹಾಯುವ ಕ್ರಿಯೆಗೆ ಪಾಪನಿವೇದನೆಯ ಅರ್ಥವೂ ಹೆಮ್ಮೆಯ ಅರ್ಥವೂ ಒಮ್ಮೆ ಜೊತೆಗಿದ್ದು, ಕಾಲಕ್ರಮದಲ್ಲಿ ಹೆಮ್ಮೆಯೊಂದೇ ಕಲ್ಲಿನಲ್ಲಿ ಉಳಿದು ಬಂದಂತಾಯಿತು. ಈ ಕಥೆಯನ್ನು ಎತ್ತಿಕೊಂಡ ಅಗಸ್ಟೀನ್, ಶತ್ರುವಿಗಾಗಿ ಅತ್ತ ಆ ಒಬ್ಬ ಹೆಣ್ಣಿನ ಮನಸ್ಸು ಇಡೀ ರೋಮನ್ ಜನತೆಯ ಮನಸ್ಸಿಗಿಂತ ಹೆಚ್ಚು ಮಾನವೀಯವಾಗಿತ್ತೆಂಬ ತೀರ್ಪು ಕೊಡುತ್ತಾನೆ. ಶಾಂತಿಯ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಸಿಗುವುದು ಕಷ್ಟ. ಎದುರು ಪಕ್ಷದಲ್ಲಿ ಸತ್ತವರಿಗಾಗಿ ಗೆದ್ದವರ ನಡುವೆಯೂ ಅಳು ಹುಟ್ಟಬೇಕು ಮತ್ತು ಆ ಅಳುವನ್ನು ದ್ರೋಹವೆಂದು ಶಿಕ್ಷಿಸಬಾರದು. ಶಾಂತಿ ಆರಂಭವಾಗುವುದು ಅಲ್ಲಿಂದ.

ಆಧುನಿಕ ಕಾಲದಲ್ಲಿ ಇದೇ ನಿಲುವನ್ನು ವಿವೇಚನೆಯ ಭಾಷೆಯಲ್ಲಿ ಮಂಡಿಸಿದವನು ಜರ್ಮನಿಯ ದಾರ್ಶನಿಕ ಇಮ್ಯಾನುಯೆಲ್ ಕಾಂಟ್. 1795ರಲ್ಲಿ ಪ್ರಕಟವಾದ ಶಾಶ್ವತ ಶಾಂತಿಯನ್ನು ಕುರಿತ ಪ್ರಬಂಧದಲ್ಲಿ ಅವನು, ಮುಂದಿನ ಯುದ್ಧದ ಕಾರಣವನ್ನು ಗುಟ್ಟಾಗಿ ಉಳಿಸಿಕೊಂಡು ಮಾಡಿದ ಒಪ್ಪಂದ ಕದನವಿರಾಮವೇ ಹೊರತು ಶಾಂತಿಯಲ್ಲವೆಂದು ಆರಂಭದಲ್ಲಿಯೇ ಸ್ಪಷ್ಟಪಡಿಸುತ್ತಾನೆ. ಅದೇ ಪ್ರಬಂಧದ ಅಡಿಟಿಪ್ಪಣಿಯೊಂದರಲ್ಲಿ, ಯುದ್ಧ ಮುಗಿದಾಗ ಜನತೆಯೊಂದು ಕೃತಜ್ಞತೆಯ ಹಬ್ಬದ ಬಳಿಕ ಪ್ರಾಯಶ್ಚಿತ್ತದ ದಿನವನ್ನೂ ಆಚರಿಸುವುದು ಉಚಿತವೆಂದೂ, ಅನೇಕ ಮನುಷ್ಯರ ಬದುಕನ್ನೂ ಸುಖವನ್ನೂ ನಾಶಮಾಡಿದ ಗೆಲುವಿಗಾಗಿ ದೇವರಿಗೆ ಸ್ತುತಿಗೀತೆ ಹಾಡುವುದು ಎಲ್ಲ ಮನುಷ್ಯರ ತಂದೆಯಾದ ದೇವರ ಕಲ್ಪನೆಗೇ ವಿರುದ್ಧವೆಂದೂ ಹೇಳುತ್ತಾನೆ. ಅಂಬ್ರೋಸ್ ಒಬ್ಬ ಚಕ್ರವರ್ತಿಯಿಂದ ಕೇಳಿದ್ದನ್ನು ಕಾಂಟ್ ಇಡೀ ಜನತೆಯಿಂದ ಕೇಳಿದನೆನ್ನಬಹುದು. ಈ ಪ್ರಬಂಧ ಹೊರಬಂದ ಹನ್ನೆರಡನೆಯ ವರ್ಷದಲ್ಲಿ ಮಿಲಾನಿನಲ್ಲಿ ವಿಜಯತೋರಣದ ಅಡಿಪಾಯ ಬಿದ್ದಿತು.

ಗೆದ್ದವನು ತನ್ನ ಪಶ್ಚಾತ್ತಾಪವನ್ನು ಕಲ್ಲಿನ ಮೇಲೆ ಬರೆಯಿಸುವುದು ಸಾಧ್ಯವೇ ಎಂಬುದಕ್ಕೆ ಭಾರತದ ಇತಿಹಾಸದಲ್ಲಿ ಉತ್ತರವಿದೆ. ಅಶೋಕನ ಹದಿಮೂರನೆಯ ಬಂಡೆಶಾಸನವು ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಹತರಾದರೆಂದೂ, ಒಂದೂವರೆ ಲಕ್ಷ ಜನರನ್ನು ಸೆರೆಯೊಯ್ಯಲಾಯಿತೆಂದೂ ಒಪ್ಪಿಕೊಂಡು, ಅದಕ್ಕಾಗಿ ದೊರೆ ಪಟ್ಟ ದುಃಖವನ್ನು ದಾಖಲಿಸುತ್ತದೆ. ಆದರೆ ಈ ಶಾಸನ ಕಳಿಂಗದಲ್ಲಿಯೇ, ಅಂದರೆ ಧೌಲಿ ಮತ್ತು ಜೌಗಡಗಳಲ್ಲಿ, ಇಲ್ಲ. ಅಲ್ಲಿ ಅದರ ಬದಲಿಗೆ ಪ್ರಜೆಗಳನ್ನು ಮಕ್ಕಳಂತೆ ಕಾಣಬೇಕೆಂದು ಅಧಿಕಾರಿಗಳಿಗೆ ಆದೇಶಿಸುವ ಪ್ರತ್ಯೇಕ ಶಾಸನಗಳಿವೆ. ಕರ್ನಾಟಕದ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತ ಶಿಲೆಯಲ್ಲಿಯೂ ಆ ಪ್ರತ್ಯೇಕ ಶಾಸನಗಳ ಪಾಠವಿರುವುದು ಗಮನಾರ್ಹ. ಪಶ್ಚಾತ್ತಾಪದ ಮಾತು ನೊಂದವರ ಕಣ್ಣಿಗೆ ಬೀಳುವಲ್ಲಿಯೇ ಇರಲಿಲ್ಲವೆಂಬುದು ಈ ಅಪೂರ್ವ ಪ್ರಯತ್ನದ ಮಿತಿ. ಹಾಗಿದ್ದರೂ, ರಾಜನ ಕಲ್ಲು ಗೆಲುವನ್ನಷ್ಟೇ ಹೇಳಬಲ್ಲದು ಎಂಬ ಊಹೆಯನ್ನು ಅದು ಸುಳ್ಳಾಗಿಸುತ್ತದೆ.

ಈ ವಾದಕ್ಕೆ ಒಂದು ಗಂಭೀರ ಆಕ್ಷೇಪಣೆಯಿದೆ. ಪರಕೀಯ ಆಳ್ವಿಕೆಯಿಂದ ಬಿಡುಗಡೆಗಾಗಿ ಹೋರಾಡಿದವರು, ನ್ಯಾಯ ತಮ್ಮ ಪಕ್ಷದಲ್ಲಿರುವಾಗ, ಯಾವುದಕ್ಕಾಗಿ ಪಶ್ಚಾತ್ತಾಪ ಪಡಬೇಕು? 1859ರ ಜೂನ್ 8ರಂದು ಕಮಾನಿನ ಬಳಿ ನೆರೆದ ಮಿಲಾನಿಗರ ಸಂತೋಷ ಪ್ರಾಮಾಣಿಕವಾದುದು. ಅದನ್ನು ಕಡೆಗಣಿಸುವ ಶಾಂತಿತತ್ತ್ವ ಪೀಡಿತರಿಗೆ ಅನ್ಯಾಯ ಮಾಡುತ್ತದೆ. ಅಗಸ್ಟೀನ್ ಈ ಆಕ್ಷೇಪಣೆಯನ್ನು ಎದುರಿಸಿದ್ದಾನೆ. ನ್ಯಾಯಯುದ್ಧವೆಂಬುದು ಇರಬಲ್ಲದೆಂದು ಒಪ್ಪಿಕೊಂಡೇ ಅವನು, ವಿವೇಕಿಯಾದವನು ಅಂಥ ಯುದ್ಧದ ಅನಿವಾರ್ಯತೆಗಾಗಿಯೂ ಮರುಗುತ್ತಾನೆಂದೂ, ನೋವಿಲ್ಲದೆ ಅದನ್ನು ನೆನೆಯಬಲ್ಲವನು ಮನುಷ್ಯಸಹಜ ಭಾವವನ್ನೇ ಕಳೆದುಕೊಂಡವನೆಂದೂ ಹೇಳುತ್ತಾನೆ. ಇಲ್ಲಿ ಕೇಳಲಾಗುತ್ತಿರುವುದು ತಪ್ಪೊಪ್ಪಿಗೆಯಲ್ಲ, ಶೋಕ. ಇಬ್ಬರೂ ಸಮಾನ ಅಪರಾಧಿಗಳೆಂಬ ತೀರ್ಮಾನವಲ್ಲ, ಇಬ್ಬರ ಕಡೆಯಲ್ಲಿ ಸತ್ತವರೂ ಸಮಾನವಾಗಿ ಮನುಷ್ಯರೆಂಬ ಅರಿವು.

ಆ ಅರಿವು ಅದೇ ಯುದ್ಧದಲ್ಲಿ, ಅದೇ ಲೊಂಬಾರ್ಡಿಯಲ್ಲಿ, ವಿಜಯಪ್ರವೇಶದ ಹದಿನಾರು ದಿನಗಳ ಬಳಿಕ ಕಾಣಿಸಿಕೊಂಡಿತು. 1859ರ ಜೂನ್ 24ರಂದು ಸೊಲ್ಫೆರಿನೊದಲ್ಲಿ ನಡೆದ ಕದನದಲ್ಲಿ ಸುಮಾರು 40,000 ಸೈನಿಕರು ಸತ್ತರು ಅಥವಾ ಗಾಯಗೊಂಡರು. ಹತ್ತಿರದ ಕಸ್ತಿಲಿಯೋನೆ ಪಟ್ಟಣದ ಹೆಂಗಸರು ಚರ್ಚುಗಳನ್ನೇ ಆಸ್ಪತ್ರೆಯಾಗಿ ಮಾಡಿ, ಫ್ರೆಂಚರು, ಇಟಲಿಯವರು, ಆಸ್ಟ್ರಿಯನ್ನರು ಎಂಬ ಭೇದವೆಣಿಸದೆ ಗಾಯಾಳುಗಳ ಶುಶ್ರೂಷೆಗೆ ನಿಂತರು. ವ್ಯವಹಾರದ ನಿಮಿತ್ತ ಅಲ್ಲಿಗೆ ಬಂದಿದ್ದ ಜಿನೀವಾದ ಹೆನ್ರಿ ಡ್ಯೂನಾಂಟ್ ಅವರೊಡನೆ ದುಡಿದು, 1862ರಲ್ಲಿ ತಾನು ಕಂಡದ್ದನ್ನು ಪುಸ್ತಕವಾಗಿ ಬರೆದ. 1863ರಲ್ಲಿ ರೆಡ್‌ಕ್ರಾಸ್ ಸಂಸ್ಥೆಯೂ, 1864ರಲ್ಲಿ ಯುದ್ಧದ ಗಾಯಾಳುಗಳನ್ನು ಪಕ್ಷಭೇದವಿಲ್ಲದೆ ರಕ್ಷಿಸುವ ಮೊದಲ ಜಿನೀವಾ ಒಪ್ಪಂದವೂ ಅದರ ಫಲವಾಗಿ ಹುಟ್ಟಿದವು. ಹೊರೇಷಿಯಸ್‌ನ ತಂಗಿ ಯಾವ ಭಾವಕ್ಕಾಗಿ ಪ್ರಾಣ ತೆತ್ತಳೋ ಅದೇ ಭಾವ ಇಲ್ಲಿ ರಾಷ್ಟ್ರಗಳು ಸಹಿಹಾಕುವ ಕಾನೂನಾಯಿತು.

ಆದ್ದರಿಂದ ಮಿಲಾನಿನ ಕಮಾನನ್ನು ನೋಡಹೋಗುವವರು ಅದರ ಶಿಲ್ಪಕೌಶಲವನ್ನು ಮೆಚ್ಚುವಾಗಲೇ ಅದರ ಹೆಸರನ್ನು ಸಾಧನೆಯೆಂದು ಒಪ್ಪದೆ, ಇನ್ನೂ ತೀರದ ಬಾಧ್ಯತೆಯೆಂದು ಓದುವುದು ಯುಕ್ತ. ನೆಪೋಲಿಯನ್, ಫ್ರಾನ್ಸಿಸ್ ಮತ್ತು 1859ರ ವಿಮೋಚಕರು ಅದರ ಮೇಲೆ ತಮ್ಮ ಮಾತನ್ನು ಬರೆಯಿಸಿದರು ಇಲ್ಲವೇ ಬರೆಯಿಸಬಯಸಿದರು. ಅವರಲ್ಲಿ ಯಾರ ಬರಹದಲ್ಲಿಯೂ ಸೋತವರ ಕಡೆಯಲ್ಲಿ ಸತ್ತವರಿಗೆ ಒಂದು ಸಾಲು ಮೀಸಲಾಗಲಿಲ್ಲ. ಪ್ರತಿ ಬಾರಿಯೂ ಬರಹ ಅಳಿಸಿಹೋಗಲು ಅಥವಾ ಅರ್ಥ ತಿರುಗಿಹೋಗಲು ಇದೇ ಮುಖ್ಯ ಕಾರಣ, ಏಕೆಂದರೆ ಒಂದೇ ಪಕ್ಷದ ಶಾಂತಿ ಆ ಪಕ್ಷದ ಬಲ ಇರುವಷ್ಟು ಕಾಲ ಮಾತ್ರ ಬಾಳುತ್ತದೆ. ಯುದ್ಧವನ್ನು ಮುಗಿಸುವ ಶಕ್ತಿ ವಿಜಯಕ್ಕಿದೆ. ಕೆಲವೊಮ್ಮೆ ಅನ್ಯಾಯವನ್ನು ಕೊನೆಗಾಣಿಸುವ ಶಕ್ತಿಯೂ ಅದಕ್ಕಿದೆ. ಆದರೆ ಶಾಂತಿಯನ್ನು ಹುಟ್ಟಿಸಲು ಅದಕ್ಕಿಂತ ಕಠಿಣವಾದ ಒಂದು ಕ್ರಿಯೆ ಬೇಕು: ಗೆದ್ದವರು ತಮ್ಮ ಗೆಲುವಿನ ಬೆಲೆಯನ್ನು ಶತ್ರುಗಳ ಮನೆಯಲ್ಲಿಯೂ ಎಣಿಸಿ, ಅದಕ್ಕಾಗಿ ಬಹಿರಂಗವಾಗಿ ದುಃಖಿಸಬೇಕು. ಹಾಗೆ ದುಃಖಿಸಲು ಕಲಿತ ಜನತೆಗೆ ಶಾಂತಿಯ ಸ್ಮಾರಕವೊಂದನ್ನು ಕಟ್ಟುವ ಹಕ್ಕು ಬರುತ್ತದೆ, ಮತ್ತು ಅಂಥ ಸ್ಮಾರಕದ ಮೇಲಿನ ಬರಹವನ್ನು ಅಳಿಸಬೇಕೆಂದು ಮುಂದೆ ಬರುವ ಯಾರಿಗೂ ಅನ್ನಿಸಲಾರದು.